ಬಿಡಿಲೇಖನ ವಿಕ್ರಯ: ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ

ಯಾವ ಪತ್ರಿಕೆಯ ಅಥವಾ ಸಂಸ್ಥೆಯ ತಿಂಗಳ ಸಂಬಳವನ್ನೂ ನೆಚ್ಚದೆ, ತಾನು ಬರೆದುದನ್ನು ಒಂದೊಂದಾಗಿ ಬೆಲೆಗೆ ಕೊಟ್ಟು ಜೀವಿಸುವ ವೃತ್ತಿಯೇ ಇಂದು ಫ್ರೀಲಾನ್ಸ್ ಬರವಣಿಗೆಯೆಂದು ಪ್ರಸಿದ್ಧವಾಗಿರುವ ಬಿಡಿಲೇಖನ ವಿಕ್ರಯ. ಅಂತರ್ಜಾಲದ ಮೂಲಕ ನಡೆಯುವ ಅದರ ಇತ್ತೀಚಿನ ರೂಪವು ಗುಜರಾತಿನ ಮೂರು ಮಹಾನಗರಗಳಲ್ಲಿ ಕಾಲು ಶತಮಾನದಷ್ಟು ಹಳೆಯದಾದರೆ, ಬರಹವನ್ನು ಅಳೆದು ಮಾರುವ ಆಚಾರವು ಆ ನಾಡಿನಲ್ಲಿ ಎಂಟು ಶತಮಾನಗಳಿಗೂ ಪ್ರಾಚೀನವಾದುದು. ಈ ವೃತ್ತಿಯ ಉತ್ಕರ್ಷಾಪಕರ್ಷಗಳಿಗೆ ಬರಹಗಾರನ ಪ್ರತಿಭೆಯಾಗಲಿ ಆಲಸ್ಯವಾಗಲಿ ಕಾರಣವಾದುದಕ್ಕಿಂತ, ಬರಹವನ್ನು ಯಾವ ಮಾನದಿಂದ ಅಳೆದರು, ಮಾರಿದ ಬಳಿಕ ಅದರ ಹಕ್ಕು ಯಾರ ಕೈಯಲ್ಲಿ ಉಳಿಯಿತು ಎಂಬ ಎರಡು ಸಂಗತಿಗಳೇ ಹೆಚ್ಚು ಕಾರಣವಾಗಿವೆ ಎಂಬುದು ಇಲ್ಲಿಯ ಚರಿತ್ರೆಯನ್ನು ಆದ್ಯಂತವಾಗಿ ನೋಡಿದವರಿಗೆ ತೋರದೆ ಇರದು.

ಗುಜರಾತಿನ ಜೈನ ಜ್ಞಾನಭಂಡಾರಗಳಿಗಾಗಿ ಗ್ರಂಥಗಳನ್ನು ಪ್ರತಿಮಾಡುತ್ತಿದ್ದ ಲಹಿಯಾ ಎಂಬ ಲಿಪಿಕಾರರ ಕೂಲಿಗೆ ಮೂವತ್ತೆರಡು ಅಕ್ಷರಗಳ ಒಂದು ಶ್ಲೋಕವೇ ಮಾನವಾಗಿದ್ದಿತು. ಗ್ರಂಥವು ಪದ್ಯವಾಗಿರಲಿ ಗದ್ಯವಾಗಿರಲಿ, ಹಸ್ತಪ್ರತಿಯ ಕೊನೆಯಲ್ಲಿ ಗ್ರಂಥಾಗ್ರವೆಂದು ಕಾಣಿಸುವ ಸಂಖ್ಯೆಯು ಈ ಮಾನದಿಂದ ಅಳೆದ ಪರಿಮಾಣವನ್ನೇ ಸೂಚಿಸುತ್ತದೆ. ಹೇಮಚಂದ್ರಾಚಾರ್ಯನ ವ್ಯಾಕರಣವನ್ನು ಪ್ರತಿಮಾಡಿಸಲು ಗುಜರಾತಿನ ಅರಸ ಸಿದ್ಧರಾಜ ಜಯಸಿಂಹನು ಮುನ್ನೂರು ಲಿಪಿಕಾರರನ್ನು ನೇಮಿಸಿದನೆಂದು ಜೈನ ಪ್ರಬಂಧಗಳು ಹೇಳುತ್ತವೆ. ಅದಕ್ಕೂ ಒಂದೂವರೆ ಶತಮಾನ ಮೊದಲು ನಮ್ಮ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದನ್ನು ನೆನೆಯುವ ಕನ್ನಡಿಗನಿಗೆ, ಅಕ್ಷರಕ್ಕೆ ಕೂಲಿ ಕೊಡುವ ಶ್ರೀಮಂತಿಕೆ ಎಂತಹುದೆಂಬುದನ್ನು ವಿವರಿಸಬೇಕಾಗಿಲ್ಲ. ಅಹಮದಾಬಾದಿನ ಲಾಲಭಾಯಿ ದಲಪತಭಾಯಿ ಭಾರತೀಯ ಸಂಸ್ಕೃತಿ ವಿದ್ಯಾಮಂದಿರದಲ್ಲಿ ಮುನಿ ಪುಣ್ಯವಿಜಯರ ಪ್ರಯತ್ನದಿಂದ ಸಂಗ್ರಹವಾಗಿರುವ ಹಸ್ತಪ್ರತಿಗಳು ಇಂತಹ ಅಕ್ಷರಶ್ರಮಕ್ಕೆ ಸಾಕ್ಷಿಯಾಗಿ ನಿಂತಿವೆ. ಲಿಪಿಕಾರನು ಕರ್ತೃವಲ್ಲ, ನಿಜ. ಆದರೆ ಪದವೆಣಿಸಿ ಪೈಸೆ ಕೊಡುವ ಇಂದಿನ ವಾಡಿಕೆ ಅವನ ಲೆಕ್ಕದ ವಂಶದಲ್ಲಿಯೇ ಹುಟ್ಟಿದುದು.

ಕರ್ತೃವೇ ತನ್ನ ಕೃತಿಯಿಂದ ಬದುಕಿದ ನಿದರ್ಶನ ಮೊದಲು ದೊರೆಯುವುದು ಹದಿನೇಳನೆಯ ಶತಮಾನದ ವಡೋದರೆಯ ಪ್ರೇಮಾನಂದ ಭಟ್ಟನಲ್ಲಿ. ಮಾಣ ಎಂಬ ಲೋಹದ ಕೊಡವನ್ನು ಬೆರಳುಂಗುರಗಳಿಂದ ನುಡಿಸುತ್ತ ಆಖ್ಯಾನಗಳನ್ನು ಹಾಡುತ್ತಿದ್ದ ಆತನು ವಡೋದರೆಯಲ್ಲಿ ಮಾತ್ರವಲ್ಲದೆ ಸೂರತ್ತಿನಲ್ಲಿಯೂ ನಂದುರಬಾರಿನಲ್ಲಿಯೂ ಶ್ರೋತೃಗಳನ್ನು ಸಂಪಾದಿಸಿದನು. ಅಹಮದಾಬಾದಿನ ಸೆರಗಿನಲ್ಲಿದ್ದ ವೇಂಗಣಪುರದ ಶಾಮಳ ಭಟ್ಟನು ಪದ್ಯಕಥೆಗಳಿಂದ ಜೀವನ ಸಾಗಿಸಿ, ಕೊನೆಗೆ ಸಿಂಹುಜ ಗ್ರಾಮದ ರಖಿದಾಸನ ಆಶ್ರಯವನ್ನು ಸೇರಿದನು. ಇವರಿಬ್ಬರ ಸರಕೂ ಕಂಠದಲ್ಲಿತ್ತು. ಒಮ್ಮೆ ಮಾರಿದ ಕಥೆಯನ್ನು ಮರುದಿನ ಇನ್ನೊಂದು ಪೇಟೆಯಲ್ಲಿ ಮಾರಲು ಅವರಿಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

ಮುದ್ರಣಯುಗದಲ್ಲಿ ಮೊದಲು ಹೇಳಬೇಕಾದುದು 1848ರಲ್ಲಿ ಬ್ರಿಟಿಷ್ ಅಧಿಕಾರಿ ಅಲೆಗ್ಸಾಂಡರ್ ಕಿನ್‌ಲಾಕ್ ಫಾರ್ಬ್ಸ್ ಅಹಮದಾಬಾದಿನಲ್ಲಿ ಸ್ಥಾಪಿಸಿದ ಗುಜರಾತ್ ವರ್ನಾಕ್ಯುಲರ್ ಸೊಸೈಟಿ. ಈ ಸಂಸ್ಥೆಯು ವಿಷಯವನ್ನು ಘೋಷಿಸಿ ಪ್ರಬಂಧಗಳನ್ನು ಆಹ್ವಾನಿಸಿ ಉತ್ತಮವಾದುದಕ್ಕೆ ಬಹುಮಾನವೀಯುವ ಪದ್ಧತಿಯನ್ನು ಹೂಡಿತು; ಕವಿ ದಲಪತರಾಮನ ಭೂತನಿಬಂಧವು 1849ರಲ್ಲಿ ಹೀಗೆ ಪುರಸ್ಕೃತವಾದ ಬರಹ. ಮುಂದೆ ಆತನೇ ಸೊಸೈಟಿಯ ಸಹಾಯಕ ಕಾರ್ಯದರ್ಶಿಯಾಗಿ, ಬುದ್ಧಿಪ್ರಕಾಶ ಪತ್ರಿಕೆಯ ಸಂಪಾದಕನಾಗಿ, ಸಂಬಳದ ನೆಳಲಿನಲ್ಲಿ ಶಾಂತವಾಗಿ ಬರೆದನು.

ಆತನ ಪ್ರತಿಸ್ಪರ್ಧಿಯಾಗಿ ಪರಿಗಣಿತನಾದ ನರ್ಮದನ ಮಾರ್ಗವು ಇದಕ್ಕೆ ತೀರ ವಿರುದ್ಧವಾದುದು. ಈ ವೃತ್ತಿಯ ಚರಿತ್ರೆಯಲ್ಲಿ ಅವನದೇ ಅತ್ಯಂತ ಪ್ರಧಾನವಾದ ಅಧ್ಯಾಯವಾದುದರಿಂದ ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ. 1833ರಲ್ಲಿ ಸೂರತ್ತಿನಲ್ಲಿ ಜನಿಸಿದ ನರ್ಮದಾಶಂಕರ ದವೆ ಲಿಪಿಕಾರನಾಗಿದ್ದ ಲಾಲಶಂಕರನ ಮಗ: ತಂದೆ ಅನ್ಯರ ಬರಹವನ್ನು ಪ್ರತಿಮಾಡಿ ಕೂಲಿ ಪಡೆದರೆ, ಮಗನು ತನ್ನ ಬರಹವನ್ನೇ ಮಾರಿ ಬದುಕುವೆನೆಂದು 1858ರ ನವೆಂಬರಿನಲ್ಲಿ ಮುಂಬಯಿಯ ಉಪಾಧ್ಯಾಯ ವೃತ್ತಿಗೆ ರಾಜೀನಾಮೆಯಿತ್ತು ಲೇಖನಿಗೆ ಶರಣಾದನು. 1864ರಲ್ಲಿ ದಾಂಡಿಯೋ ಪತ್ರಿಕೆಯನ್ನು ಆರಂಭಿಸಿ ಸಮಾಜದ ಅನಾಚಾರಗಳನ್ನು ನಿರ್ಭಯವಾಗಿ ಖಂಡಿಸಿದನು; ಕವಿತೆ, ಗದ್ಯ, ಇತಿಹಾಸಗಳನ್ನು ತಾನೇ ಅಚ್ಚುಹಾಕಿಸಿ ಮಾರಿದನು. ಆದರೆ ಅಮೆರಿಕೆಯ ಅಂತರ್ಯುದ್ಧದ ಫಲವಾಗಿ ಹತ್ತಿಯ ಬೆಲೆಯೇರಿ ಸಿರಿಯುಕ್ಕಿದ್ದ ಮುಂಬಯಿಯ ಶೇರುಪೇಟೆ 1865ರಲ್ಲಿ ಕುಸಿದಾಗ, ಗ್ರಂಥಗಳಿಗೆ ಕೈಯೆತ್ತಿ ಕೊಡುತ್ತಿದ್ದ ಸೇಠರ ಔದಾರ್ಯವೂ ಬತ್ತಿತು. ಏಕಾಕಿಯಾಗಿ ವರ್ಷಗಟ್ಟಲೆ ದುಡಿದು 1873ರಲ್ಲಿ ಸಂಪೂರ್ಣಗೊಳಿಸಿದ ನರ್ಮಕೋಶವೆಂಬ ನಿಘಂಟು ಗುಜರಾತಿಗೆ ಸಂಪತ್ತಾಯಿತು, ಕರ್ತೃವಿಗೆ ಸಾಲವಾಯಿತು. ಇಪ್ಪತ್ತನಾಲ್ಕು ವರ್ಷ ಪ್ರತಿಜ್ಞೆಯನ್ನು ಪಾಲಿಸಿದ ಅನಂತರ 1882ರಲ್ಲಿ ಅವನು ಗೋಕುಲದಾಸ ತೇಜಪಾಲ ಧರ್ಮಸಂಸ್ಥೆಯಲ್ಲಿ ನೌಕರಿಗೆ ಸೇರಿದನು, 1886ರಲ್ಲಿ ತೀರಿಕೊಂಡನು. ಪುಸ್ತಕದ ಗಂಟನ್ನು ಹೊತ್ತು ಊರೂರು ಅಲೆದು ಮಾರಿದ ಗಳಗನಾಥರನ್ನೂ, ಲೇಖನಿಯೊಂದನ್ನೇ ನಂಬಿ ಬಾಳಿದ ಅ.ನ.ಕೃ. ಅವರನ್ನೂ ಬಲ್ಲ ನಮಗೆ ನೌಕರಿಗೆ ಮಣಿದ ಆ ನಿರ್ಧಾರದ ಹಿಂದಿನ ವೇದನೆ ಅಪರಿಚಿತವಲ್ಲ. ಆ ನೌಕರಿಯನ್ನು ಸೋಲೆಂದು ಬಗೆಯುವವರೊಡನೆ ನಾನು ಸಮ್ಮತಿಸಲಾರೆ. ತನ್ನ ಗ್ರಂಥಗಳ ಮೇಲಿನ ಹೆಸರನ್ನು ಅವನು ಯಾರಿಗೂ ಒಪ್ಪಿಸಲಿಲ್ಲ. ಸೂರತ್ತಿನ ಆಮಲೀರಾನಿನಲ್ಲಿ ಅವನು ಕಟ್ಟಿಸಿದ ಸರಸ್ವತೀ ಮಂದಿರವೆಂಬ ಮನೆ ಇಂದು ಸ್ಮಾರಕವಾಗಿದೆ, ಊರಿನ ವಿಶ್ವವಿದ್ಯಾನಿಲಯವು ಅವನ ಹೆಸರನ್ನು ಧರಿಸಿದೆ.

ವಡೋದರೆಯಲ್ಲಿ ಲೇಖಕನ ಪೋಷಣೆಯನ್ನು ರಾಜ್ಯವೇ ವಹಿಸಿತು. 1912ರಲ್ಲಿ ಗುಜರಾತಿ ಸಾಹಿತ್ಯ ಪರಿಷತ್ತು ಆ ನಗರದಲ್ಲಿ ಸೇರಿದಾಗ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ಎರಡು ಲಕ್ಷ ರೂಪಾಯಿಗಳ ನಿಧಿಯನ್ನು ಮೀಸಲಿಟ್ಟರು. ಅದರ ಬಡ್ಡಿಯಿಂದ ಸಯಾಜಿ ಸಾಹಿತ್ಯಮಾಲೆಯೂ ಬಾಲಜ್ಞಾನಮಾಲೆಯೂ ಹೊರಬಂದು ಅನೇಕ ಲೇಖಕರಿಗೂ ಭಾಷಾಂತರಕಾರರಿಗೂ ಕೆಲಸ ದೊರೆಯಿತು. ಅಹಮದಾಬಾದಿನಲ್ಲಿಯಾದರೋ 1919ರಿಂದ ಹೊರಡತೊಡಗಿದ ಗಾಂಧೀಜಿಯವರ ನವಜೀವನವು ಜಾಹೀರಾತುಗಳನ್ನೇ ವರ್ಜಿಸಿ, ಬರಹವನ್ನು ಸೇವೆಯೆಂದು ಭಾವಿಸಿತು. ಬೆಳಗಾವಿಯಲ್ಲಿ ಉಪಾಧ್ಯಾಯರಾಗಿದ್ದು, ವಡೋದರೆಯ ಗಂಗನಾಥ ವಿದ್ಯಾಲಯದ ಮೂಲಕ ಗುಜರಾತನ್ನು ಹೊಕ್ಕು, ಸಾಬರಮತಿ ಆಶ್ರಮದಲ್ಲಿ ನೆಲಸಿ, ಗುಜರಾತಿಯ ಶ್ರೇಷ್ಠ ಪ್ರಬಂಧಕಾರರೆನಿಸಿದ ಕಾಕಾ ಕಾಲೇಲಕರರು ಈ ಸೇವಾಪಂಥದ ಫಲ.

ಬಿಡಿಲೇಖನಕ್ಕೆ ಕ್ರಮಬದ್ಧವಾದ ಸಂಭಾವನೆ ದೊರೆಯತೊಡಗಿದುದು ನಿಯತಕಾಲಿಕಗಳ ಕಾಲದಲ್ಲಿ. ಹಾಜಿ ಮಹಮ್ಮದ್ ಅಲ್ಲಾರಖಿಯಾ ಶಿವಜಿ ಮುಂಬಯಿಯಲ್ಲಿ 1916ರಲ್ಲಿ ಆರಂಭಿಸಿದ ವೀಸಮೀ ಸದೀ ಮಾಸಪತ್ರಿಕೆಯು ಚಿತ್ರಗಳಿಗೂ ಲೇಖನಗಳಿಗೂ ಧಾರಾಳವಾಗಿ ವ್ಯಯಿಸಿ ಒಡೆಯನ ಐಶ್ವರ್ಯವನ್ನೇ ಕರಗಿಸಿತು; ಅದರ ಸ್ಫೂರ್ತಿಯಿಂದ ಚಿತ್ರಕಾರ ರವಿಶಂಕರ ರಾವಳರು 1924ರಲ್ಲಿ ಅಹಮದಾಬಾದಿನಿಂದ ಕುಮಾರ್ ಪತ್ರಿಕೆಯನ್ನು ಹೊರಡಿಸಿದರು. ಸಂದೇಶ, ಗುಜರಾತ್ ಸಮಾಚಾರ, ಸೂರತ್ತಿನಲ್ಲಿ 1863ರಿಂದಲೂ ನಡೆದು ಬಂದ ಗುಜರಾತಮಿತ್ರ ಮೊದಲಾದ ದೈನಿಕಗಳ ವಾರದ ಪುರವಣಿಗಳು ಅಂಕಣಕಾರರನ್ನು ಮನೆಮಾತಾಗಿಸಿದುವು. ಆದರೆ ಆ ಪ್ರಸಿದ್ಧರ ಜೀವನೋಪಾಯವನ್ನು ವಿಚಾರಿಸಿದರೆ, ವಿನೋದ ಭಟ್ಟರು ತೆರಿಗೆ ಸಲಹೆಗಾರರು, ಬಕುಲ ತ್ರಿಪಾಠಿಯವರೂ ಗುಣವಂತ ಶಾಹರೂ ಅಧ್ಯಾಪಕರು. 1971ರಿಂದ ಚಿತ್ರಲೇಖಾ ವಾರಪತ್ರಿಕೆಯಲ್ಲಿ ಅಂಕಣ ಬರೆದ ಅಹಮದಾಬಾದಿನ ತಾರಕ ಮೆಹತಾರು ಫಿಲ್ಮ್ಸ್ ಡಿವಿಜನ್ನಿನ ನೌಕರರು. ಲೇಖನದ ಹಣವು ಅವರಿಗೆ ಊಟದ ಮೇಲಿನ ತಾಂಬೂಲವಾಗಿತ್ತು, ಊಟವಾಗಿರಲಿಲ್ಲ. ಆದರೂ ಅಂಕಣದ ಮೇಲೆ ಬರೆದವನ ಹೆಸರು ನಿಂತಿತು. ಮೆಹತಾರ ಅಂಕಣವು 2008ರಲ್ಲಿ ದೂರದರ್ಶನ ಧಾರಾವಾಹಿಯಾಗಿ ಭಾರತವನ್ನೆಲ್ಲ ನಗಿಸಿತು.

ಅಂತರ್ಜಾಲವು ತಂದ ವ್ಯತ್ಯಾಸ ಮೂಲಭೂತವಾದುದು: ಕೊಳ್ಳುವವನು ಸಮುದ್ರದಾಚೆಯವನು, ಅವನ ಮುಖವನ್ನು ಬರೆಯುವವನು ಕಾಣುವುದಿಲ್ಲ, ಬರೆದವನ ಹೆಸರನ್ನು ಓದುಗನು ಕಾಣುವುದಿಲ್ಲ. ವಿಕ್ರಯಕ್ರಮಗಳು ಮುಖ್ಯವಾಗಿ ಮೂರು ಬಗೆಯಾದುವು. 1999ರಲ್ಲಿ ತೊಡಗಿದ ಈಲ್ಯಾನ್ಸ್, 2003ರ ಓಡೆಸ್ಕ್ ಮುಂತಾದುವು ಹರಾಜುಕಟ್ಟೆಗಳು: ಕೆಲಸವನ್ನು ಪ್ರಕಟಿಸಿದವನಿಗೆ ಲೇಖಕರು ತಮ್ಮ ದರವನ್ನು ಸಲ್ಲಿಸಬೇಕು. ಕಾನ್‌ಸ್ಟಂಟ್ ಕಂಟೆಂಟ್‌ನಂತಹ ಅಂಗಡಿಗಳಲ್ಲಿ ಲೇಖನವನ್ನು ಮೊದಲೇ ಬರೆದಿಟ್ಟು, ಬಳಕೆಯ ಹಕ್ಕು ಮಾತ್ರವೋ ಸಮಸ್ತ ಹಕ್ಕುಗಳೋ ಎಂದು ಬೇರೆಬೇರೆ ಬೆಲೆ ನಮೂದಿಸಿ ಕಾಯಬೇಕು. 2005ರ ಅಸೋಸಿಯೇಟೆಡ್ ಕಂಟೆಂಟ್‌ನಂತಹ ತಾಣಗಳಲ್ಲಿ ಮುಂಗಡವಾಗಿ ಕೊಡುವ ಅಲ್ಪಧನದ ಜೊತೆಗೆ ಓದುಗರ ಸಂಖ್ಯೆಗೆ ಅನುಗುಣವಾಗಿ ಕಾಸು ಸಂದಾಯವಾಗುತ್ತಿತ್ತು. ಗೂಗಲ್‌ನ ಹುಡುಕುಪಟ್ಟಿಯಲ್ಲಿ ಮೇಲೆ ಬರುವ ಪುಟಕ್ಕೆ ಜಾಹೀರಾತಿನ ಹಣ ಹರಿಯುತ್ತಿದ್ದುದರಿಂದ, ನಿರ್ದಿಷ್ಟ ಪದಗಳನ್ನು ಮತ್ತೆ ಮತ್ತೆ ತುರುಕಿದ ಐನೂರು ಪದಗಳ ಲೇಖನಕ್ಕೆ ಅಪಾರವಾದ ಬೇಡಿಕೆ ಹುಟ್ಟಿತು. ಹಗಲು ಕಾಲೇಜಿಗೋ ಕಛೇರಿಗೋ ಹೋಗಿ, ಅಮೆರಿಕೆಯ ಹಗಲಾದ ಇಲ್ಲಿಯ ರಾತ್ರಿಯಲ್ಲಿ ಬರೆಯುವ ತರುಣರೂ ಗೃಹಿಣಿಯರೂ ಈ ನಗರಗಳಲ್ಲಿ ಕಾಣಿಸಿಕೊಂಡರು. ಅಹಮದಾಬಾದಿನ ಔಷಧೋದ್ಯಮ ಮತ್ತು ಸಾಫ್ಟ್‌ವೇರ್ ಕಂಪನಿಗಳಿಂದ, ವಡೋದರೆಯ ರಾಸಾಯನಿಕ ಮತ್ತು ಯಂತ್ರೋದ್ಯಮಗಳಿಂದ, ಸೂರತ್ತಿನ ಸೀರೆಯ ವ್ಯಾಪಾರದಿಂದ ದೇಶೀಯ ಕೆಲಸವೂ ಒದಗಿತು. ಮಾರಾಟತಾಣಗಳಲ್ಲಿ ಒಂದೊಂದು ಸೀರೆಯ ಬಣ್ಣ, ಅಂಚು, ನೇಯ್ಗೆಗಳನ್ನು ನಾಲ್ಕು ಸಾಲಿನಲ್ಲಿ ವರ್ಣಿಸುವುದೂ ಒಂದು ಕಸುಬಾಯಿತು. ಆದರೆ 1960ರ ದಶಕದಲ್ಲಿ ಇಂಗ್ಲಿಷನ್ನು ಎಂಟನೆಯ ತರಗತಿಯಿಂದ ಕಲಿಸತೊಡಗುವ ನೀತಿಯನ್ನು ಅನುಸರಿಸಿದ ಪ್ರಾಂತದಲ್ಲಿ, ಪರಭಾಷೆಯಲ್ಲಿ ನಿರರ್ಗಳವಾಗಿ ಬರೆಯಬಲ್ಲವರ ಸಂಖ್ಯೆ ಮಿತವಾಗಿದ್ದುದು ಸಹಜ.

ಏರಿಕೆಯಂತೆ ಇಳಿಕೆಯೂ ದೂರದೇಶದ ನಿರ್ಣಯಗಳಿಂದಲೇ ಬಂದಿತು. 2010ರ ಆರಂಭದಲ್ಲಿ, ವಿದೇಶದ ಗಿರಾಕಿಗಳ ಹಣವನ್ನು ತಲುಪಿಸುತ್ತಿದ್ದ ಪೇಪಾಲ್ ಸಂಸ್ಥೆಯು ಭಾರತದ ಬ್ಯಾಂಕುಗಳಿಗೆ ಹಣ ವರ್ಗಾಯಿಸುವುದನ್ನು ಕೆಲಕಾಲ ನಿಲ್ಲಿಸಿದಾಗ, ದುಡಿದು ಸಂಪಾದಿಸಿದ್ದ ಹಣವು ಕಣ್ಣೆದುರಿಗೇ ಇದ್ದೂ ಕೈಗೆಟುಕದಾಯಿತು. ರಿಸರ್ವ್ ಬ್ಯಾಂಕಿನ ನಿಯಮಾನುಸಾರ 2011ರ ಮಾರ್ಚಿಯಿಂದ ಒಂದು ವ್ಯವಹಾರಕ್ಕೆ 500 ಡಾಲರಿನ ಮಿತಿ ಬಿದ್ದಿತು, ಈ ಮಿತಿ ಕಾಲಾನಂತರ ಸಡಿಲವಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆಯು ಪಾಂಡಾ ಎಂಬ ಹೆಸರಿನಿಂದ ತನ್ನ ಗಣನಾಕ್ರಮವನ್ನು ಬದಲಿಸಿ ಪೊಳ್ಳುಲೇಖನಗಳ ತಾಣಗಳನ್ನು ಕೆಳಕ್ಕೆ ತಳ್ಳಿತು. ಆ ತಾಣಗಳು ಒಂದೊಂದಾಗಿ ಕ್ಷೀಣಿಸಿದುವು. 2010ರಲ್ಲಿ ಯಾಹೂ ಕೊಂಡಿದ್ದ ಅಸೋಸಿಯೇಟೆಡ್ ಕಂಟೆಂಟ್ ಹೆಸರು ಬದಲಿಸಿಕೊಂಡು 2014ರಲ್ಲಿ ಮುಚ್ಚಿಹೋಯಿತು. ಗೂಗಲ್‌ನ ನಿರ್ಣಯವನ್ನು ಅನ್ಯಾಯವೆನ್ನಲಾಗದು, ಓದುಗನಿಗೆ ಅದು ಹಿತವೇ ಆಯಿತು. ಆದರೆ ಕೇಳಿದಂತೆ ಬರೆದುಕೊಟ್ಟವನ ಜೀವನಾಧಾರ ತಪ್ಪಿದುದಕ್ಕೆ ಯಾರೂ ಉತ್ತರವಾದಿಗಳಾಗಲಿಲ್ಲ ಎಂಬುದು ಖೇದದ ಸಂಗತಿ. ಈಲ್ಯಾನ್ಸ್ ಮತ್ತು ಓಡೆಸ್ಕ್ 2013ರ ಕೊನೆಯಲ್ಲಿ ಒಂದಾಗಲು ನಿಶ್ಚಯಿಸಿ 2015ರಲ್ಲಿ ಅಪ್‌ವರ್ಕ್ ಎನಿಸಿದುವು; 2016ರಲ್ಲಿ ಅದು ಪ್ರತಿ ಗಿರಾಕಿಯಿಂದ ಬರುವ ಮೊದಲ 500 ಡಾಲರಿಗೆ ಶೇಕಡಾ 20ರಷ್ಟು ದಲ್ಲಾಳಿ ಶುಲ್ಕವನ್ನು ವಿಧಿಸಿತು, 2023ರಲ್ಲಿ ಅದನ್ನು ಏಕರೂಪವಾಗಿ ಶೇಕಡಾ 10ಕ್ಕೆ ತಂದಿತು. 2019ರಿಂದ ಕೆಲಸಕ್ಕೆ ಅರ್ಜಿ ಹಾಕುವುದಕ್ಕೂ ಲೇಖಕನೇ ಹಣ ತೆರುವಂತಾಯಿತು.

ಹಕ್ಕಿನ ವಿಷಯದಲ್ಲಿ 1957ರ ಭಾರತೀಯ ಕೃತಿಸ್ವಾಮ್ಯ ಅಧಿನಿಯಮವು ಬಿಡಿಲೇಖಕನಿಗೆ ಬಲವಾದ ಆಸರೆಯನ್ನು ಕೊಟ್ಟಿದೆಯೆಂಬುದನ್ನು ಬರೆಯುವ ಪ್ರತಿಯೊಬ್ಬನೂ ಅರಿತಿರಬೇಕು. ನೌಕರನಲ್ಲದ ಲೇಖಕನೇ ಸಾಮಾನ್ಯವಾಗಿ ಕೃತಿಯ ಪ್ರಥಮ ಸ್ವಾಮಿ. ಹಕ್ಕಿನ ವರ್ಗಾವಣೆ ಲಿಖಿತವಾಗಿ ಸಹಿಯೊಡನೆ ಆಗದಿದ್ದರೆ ಸಿಂಧುವಲ್ಲ. ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಅದು ಭಾರತವೆಂದೂ ಹತ್ತೊಂಬತ್ತನೆಯ ಪ್ರಕರಣವು ವಿಧಿಸುತ್ತದೆ. ಮಾರಿದ ಮೇಲೆಯೂ ಕರ್ತೃತ್ವವನ್ನು ಸಾಧಿಸಿಕೊಳ್ಳುವ ವಿಶೇಷಾಧಿಕಾರ ಐವತ್ತೇಳನೆಯ ಪ್ರಕರಣದಲ್ಲಿದೆ. ಆದರೆ ವಿದೇಶೀ ತಾಣದ ಷರತ್ತುಗಳು ಪರದೇಶದ ಕಾನೂನಿಗೆ ಒಳಪಟ್ಟಿರುವಾಗ, ಅವುಗಳನ್ನು ಓದದೆ ಒಂದೇ ಗುಂಡಿಯನ್ನು ಒತ್ತಿ ಸಮ್ಮತಿಸಿದ ಲೇಖಕನು ಈ ಆಸರೆಯನ್ನು ಬಳಸಿಕೊಳ್ಳುವುದು ದುಸ್ಸಾಧ್ಯ.

ಗುಜರಾತಿ ಭಾಷೆಯ ಬರಹವು ಅಂತರ್ಜಾಲದಲ್ಲಿ ಬೇರೊಂದು ಹಾದಿಯಿಂದ ಬಂದಿತು. ವಡೋದರೆಯ ಮೃಗೇಶ ಶಾಹರು 2005ರಲ್ಲಿ ಆರಂಭಿಸಿದ ರೀಡ್‌ಗುಜರಾತಿ ತಾಣವು ಹಣದ ಮಾತನ್ನೇ ಎತ್ತದೆ ಕಥೆ ಲೇಖನಗಳನ್ನು ಓದುಗರ ಮುಂದಿಟ್ಟು, ಪರದೇಶಗಳಲ್ಲಿ ಚದುರಿದ್ದ ಗುಜರಾತಿಗಳನ್ನು ಒಂದುಗೂಡಿಸಿತು. 2014ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಪ್ರತಿಲಿಪಿಯೆಂಬ ತಾಣವು ಗುಜರಾತಿಯನ್ನು ತನ್ನ ಮೊದಲ ಭಾಷೆಗಳಲ್ಲಿ ಒಂದಾಗಿ ಸ್ವೀಕರಿಸಿದುದು, ಕನ್ನಡಕ್ಕೂ ಅದು ವೇದಿಕೆಯಾದುದು, ಉಭಯ ಭಾಷೆಗಳ ಬರಹಗಾರರನ್ನು ಒಂದೇ ಸಂತೆಗೆ ತಂದಿತು. ಅಹಮದಾಬಾದಿನ ಮಾತೃಭಾರತಿಯೂ ಇದೇ ದಾರಿಯನ್ನು ಹಿಡಿಯಿತು.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಪ್ರಕಟವಾದ ಮೇಲೆ, ಪದಕ್ಕಿಷ್ಟೆಂದು ಮಾರುತ್ತಿದ್ದ ಅನಾಮಧೇಯ ಲೇಖನದ ಪೇಟೆಗೆ ಹಿಂದೆಂದೂ ಕಾಣದ ಪೆಟ್ಟು ಬಿದ್ದಿತು: ಸೀರೆಯ ನಾಲ್ಕು ಸಾಲಿನ ವರ್ಣನೆಯನ್ನು ವರ್ತಕನು ಈಗ ತಾನೇ ಯಂತ್ರದಿಂದ ಬರೆಯಿಸಿಕೊಳ್ಳಬಲ್ಲನು. ಬರೆದವನ ಅರಿವಿಗೂ ಹೊಣೆಗೂ ಬೆಲೆಯಿರುವ ಔಷಧಶಾಸ್ತ್ರ, ತೆರಿಗೆ, ಯಂತ್ರವಿಜ್ಞಾನಗಳ ಬರಹವೂ, ಗಿರಾಕಿಯನ್ನು ಕಂಡು ಮಾತನಾಡಿ ಮಾಡುವ ಕೆಲಸವೂ ಇದಕ್ಕಿಂತ ಗಟ್ಟಿಯಾಗಿ ನಿಂತಿವೆ. ಪ್ರತಿಲಿಪಿಯಲ್ಲಿ ಅಧ್ಯಾಯ ಅಧ್ಯಾಯವಾಗಿ ಧಾರಾವಾಹಿ ಬರೆಯುವ ಗುಜರಾತಿ ಲೇಖಕಿಯರಾದರೋ ಕೃತಿಯ ಸ್ವಾಮ್ಯವನ್ನು ತಾವೇ ಇರಿಸಿಕೊಂಡು, ಓದುಗರು ತೆರುವ ಚಂದಾದಲ್ಲಿ ಪಾಲು ಪಡೆಯುತ್ತ, ಮುಂದಿನ ಅಧ್ಯಾಯ ಎಂದು ಬರುವುದೆಂದು ಕೇಳುವವರಿಗೆ ತಮ್ಮ ಹೆಸರಿನಲ್ಲಿಯೇ ಉತ್ತರಿಸುತ್ತಿದ್ದಾರೆ.