ನುಂಗಿದ ನಾಣ್ಯ: ಒಂದು ಚಾರಿತ್ರಿಕ ಅವಲೋಕನ

ಎಳೆಯ ಮಕ್ಕಳು ಕೈಗೆ ಸಿಕ್ಕಿದ್ದನ್ನು ನುಂಗುವುದು ಪುರಾತನವಾದ ವಿಪತ್ತು. ಅದರ ಶಾಸ್ತ್ರೀಯ ಚಿಕಿತ್ಸೆಯಾದರೋ ಈಚಿನದು. 1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆ, ದೇಹದೊಳಗೆ ಲೋಹದ ವಸ್ತು ನಿಂತ ಸ್ಥಳವು ಗೋಚರವಾಯಿತು. 1897ರಲ್ಲಿ ಜರ್ಮನಿಯ ಕಿಲಿಯನ್ ಶ್ವಾಸನಾಳದೊಳಕ್ಕೆ ನಳಿಕೆಯನ್ನಿಳಿಸಿ ಮೂಳೆಯ ಚೂರೊಂದನ್ನು ಹೊರತೆಗೆದನು. ಅಮೆರಿಕದ ಷೆವಲಿಯರ್ ಜಾಕ್ಸನ್ (1865–1958) ರೋಗಿಗಳ ದೇಹದಿಂದ ತೆಗೆದ ಎರಡು ಸಾವಿರಕ್ಕೂ ಮೀರಿದ ವಸ್ತುಗಳು ಫಿಲಡೆಲ್ಫಿಯದ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿವೆ. ಅಂದಿನ ಮೈಸೂರು ಸಂಸ್ಥಾನದಲ್ಲಿ, 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರು ನಗರಕ್ಕೆ ಬಂದ ವೈದ್ಯಕೀಯ ಕಾಲೇಜು ಆಧುನಿಕ ವೈದ್ಯಶಿಕ್ಷಣಕ್ಕೆ ನೆಲೆಯಾಯಿತು.

ಮನೆಯ ವಸ್ತುಗಳು ಬದಲಾದಂತೆ ಅಪಾಯದ ಸ್ವರೂಪವೂ ಬದಲಾಗಿದೆ. ಜಠರಕ್ಕಿಳಿದ ನಾಣ್ಯವು ಬಹುಮಟ್ಟಿಗೆ ತಾನಾಗಿಯೇ ಹೊರಬೀಳುತ್ತದೆ; ಕಾದು ನೋಡೋಣವೆಂಬ ಧೈರ್ಯಕ್ಕೆ ಅಲ್ಲಿ ಆಧಾರವಿತ್ತು. ಗುಂಡಿಯಾಕಾರದ ಬ್ಯಾಟರಿಯಾದರೋ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಅದನ್ನು ಸುಡಬಲ್ಲುದು; ಕ್ಷ-ಕಿರಣ ಚಿತ್ರದಲ್ಲಿ ನಾಣ್ಯವೆಂಬ ಭ್ರಮೆಯನ್ನೂ ಹುಟ್ಟಿಸಬಲ್ಲುದು. ಆದುದರಿಂದ ಬೆರಳಿಟ್ಟು ವಾಂತಿ ಮಾಡಿಸುವುದೂ ಬಾಳೆಹಣ್ಣು ತಿನ್ನಿಸುವುದೂ ಸಲ್ಲವು. ಮಗುವನ್ನು, ಅದೇ ಬಗೆಯ ವಸ್ತು ಮನೆಯಲ್ಲಿದ್ದರೆ ಅದರೊಡನೆ, ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಕೆಮ್ಮಲೂ ಆಗದೆ ಉಸಿರು ಕಟ್ಟಿದರೆ ಮಾತ್ರ, ನೆರವಿಗೆ ಕರೆಯುತ್ತಲೇ, ಮಗುವಿನ ತಲೆಯನ್ನು ತಗ್ಗಿಸಿ ಬೆನ್ನಿನ ಮೇಲೆ ಐದು ಬಾರಿ ಬಲವಾಗಿ ತಟ್ಟಬೇಕು.

ಅನುಭವದ ಮಾತು ತಾನು ಹುಟ್ಟಿದ ಕಾಲದ ವಸ್ತುಗಳಿಗೆ ಮಾತ್ರ ಪ್ರಮಾಣವೆಂಬುದೇ ಈ ಚರಿತ್ರೆಯ ಪಾಠ.