ಮುಂಬೈಯಲ್ಲಿ ಮನೆ ಬಾಡಿಗೆಗೆ ಕೊಡುವುದು: ಮಾಲೀಕರ ಕಷ್ಟವೇನು, ಕಾನೂನು ಏನು ಹೇಳುತ್ತದೆ?

ಮುಂಬೈಯಲ್ಲಿ ಎರಡು ಬಗೆಯ ಮನೆ ಮಾಲೀಕರಿದ್ದಾರೆ. ಒಬ್ಬರು ದಕ್ಷಿಣ ಮುಂಬೈಯ ಹಳೆಯ ಕಟ್ಟಡಗಳ ಒಡೆಯರು. ಜಾಗಕ್ಕೆ ಕೋಟಿಗಟ್ಟಲೆ ಬೆಲೆಯಿದ್ದರೂ ಒಂದೊಂದು ಮನೆಯಿಂದ ಇವರಿಗೆ ಬರುವ ಬಾಡಿಗೆ ಹಲವೆಡೆ ತಿಂಗಳಿಗೆ ಕೆಲವೇ ನೂರು ರೂಪಾಯಿ. ಇನ್ನೊಬ್ಬರು ಸಾಲ ಮಾಡಿ ಫ್ಲ್ಯಾಟ್ ಕೊಂಡು ಬಾಡಿಗೆಗೆ ಬಿಟ್ಟವರು. ಇವರಿಗೆ ಮಾರುಕಟ್ಟೆ ದರದ ಬಾಡಿಗೆ ಸಿಗುತ್ತದೆ. ಆದರೆ ಅವಧಿ ಮುಗಿದ ಮೇಲೆ ಮನೆ ಖಾಲಿಯಾಗಿ ಕೈಗೆ ಬರುತ್ತದೆಯೇ ಎಂಬ ಚಿಂತೆ ತಪ್ಪಿದ್ದಲ್ಲ. ಈ ಚಿಂತೆಯ ಬೇರು ಇರುವುದು ಹಳೆಯ ಮಾಲೀಕರ ಅನುಭವದಲ್ಲೇ.

1940ರಲ್ಲಿ ನಿಂತ ಬಾಡಿಗೆ

1947ರ ಬಾಂಬೆ ಬಾಡಿಗೆ ಕಾಯ್ದೆ 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನೇ ‘ಸ್ಟ್ಯಾಂಡರ್ಡ್ ರೆಂಟ್’ ಎಂದು ನಿಗದಿ ಮಾಡಿತು. ಮನೆ ಸಿಗದೆ ಪರದಾಡುತ್ತಿದ್ದ ಜನರಿಗೆ ಇದು ಆಸರೆಯಾಯಿತು. ಆದರೆ ದಶಕಗಳು ಕಳೆದರೂ ಬಾಡಿಗೆ ಏರಲಿಲ್ಲ. ಬಾಡಿಗೆದಾರ ತೀರಿಕೊಂಡರೆ ಜೊತೆಗಿದ್ದ ಕುಟುಂಬದವರಿಗೆ ಹಕ್ಕು ಮುಂದುವರಿಯಿತು. ಬಾಡಿಗೆ ಕಡಿಮೆಯಾದ್ದರಿಂದ ಮೊದಲಿಗೇ ದೊಡ್ಡ ಮೊತ್ತ ಪಡೆಯುವ ‘ಪಗಡಿ’ ಪದ್ಧತಿ ಬೆಳೆಯಿತು.

ದುರಸ್ತಿಯ ಹೊಣೆ ಮಾಲೀಕರದ್ದು. ಬಂದ ಬಾಡಿಗೆಯಲ್ಲಿ ಅದು ಸಾಧ್ಯವಾಗದೆ ಕಟ್ಟಡಗಳು ಶಿಥಿಲವಾದವು. ಸೆಸ್ ಸಂಗ್ರಹಿಸಿ ದುರಸ್ತಿ ಮಾಡಲು 1969ರ ಕಾಯ್ದೆಯಡಿ ಮಂಡಳಿ ರಚನೆಯಾಯಿತು. ಆದರೂ ಮಳೆಗಾಲದಲ್ಲಿ ಹಳೆಯ ಕಟ್ಟಡ ಕುಸಿದಾಗ ಜೀವ ತೆರುವವರು ಹೆಚ್ಚಾಗಿ ಅಲ್ಲಿ ವಾಸವಿರುವ ಬಾಡಿಗೆದಾರರೇ.

1997ರಲ್ಲಿ ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಾಡಿಗೆಯನ್ನು ಹೀಗೆ ಹಳೆಯ ಮಟ್ಟದಲ್ಲೇ ನಿಲ್ಲಿಸಿರುವುದು ಈಗ ಸಮಂಜಸವಲ್ಲ ಎಂದು ಹೇಳಿತು. ಬಳಿಕ ಬಂದ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 2000ದ ಮಾರ್ಚ್ 31ರಂದು ಜಾರಿಯಾಯಿತು. ಇದರಡಿ ವರ್ಷಕ್ಕೆ ಶೇ. 4ರಷ್ಟು ಬಾಡಿಗೆ ಹೆಚ್ಚಿಸಬಹುದು. 200 ರೂಪಾಯಿ ಬಾಡಿಗೆಗೆ ಇದು ಕೇವಲ 8 ರೂಪಾಯಿ! ಇದೇ ಕಾಯ್ದೆ ಪಗಡಿಗೂ ಮಾನ್ಯತೆ ನೀಡಿತು.

ಲೀವ್ ಅಂಡ್ ಲೈಸೆನ್ಸ್ ಯಾಕೆ?

ಬಾಡಿಗೆ ಕಾಯ್ದೆಯ ಹಿಡಿತ ತಪ್ಪಿಸಿಕೊಳ್ಳಲು ಮಾಲೀಕರು ‘ಲೀವ್ ಅಂಡ್ ಲೈಸೆನ್ಸ್’ ದಾರಿ ಹಿಡಿದರು. ಇದರಲ್ಲಿ ವಾಸಕ್ಕೆ ಅನುಮತಿ ಮಾತ್ರ, ಬಾಡಿಗೆದಾರನ ಹಕ್ಕು ಇಲ್ಲ. ಆದರೆ 1973ರ ತಿದ್ದುಪಡಿಯು ಆ ವರ್ಷದ ಫೆಬ್ರವರಿ 1ರಂದು ಚಾಲ್ತಿಯಲ್ಲಿದ್ದ ಲೈಸೆನ್ಸ್‌ನಡಿ ವಾಸವಿದ್ದವರನ್ನು ಬಾಡಿಗೆದಾರರೆಂದೇ ಪರಿಗಣಿಸಿತು. ಮನೆ ಬೀಗ ಹಾಕಿಟ್ಟರೂ ಸರಿ, ಬಾಡಿಗೆಗೆ ಕೊಡುವುದು ಬೇಡ ಎಂಬ ಭಯಕ್ಕೆ ಇಂಥ ಅನುಭವಗಳೇ ಕಾರಣ.

ಈಗಿನ ಕಾಯ್ದೆ ಈ ವಿಷಯದಲ್ಲಿ ಮಾಲೀಕರ ಪರವಾಗಿದೆ. ವಾಸಕ್ಕೆ ಕೊಟ್ಟ ಮನೆಯನ್ನು ಲೈಸೆನ್ಸ್ ಅವಧಿ ಮುಗಿದರೂ ಬಿಡದಿದ್ದರೆ ಮಾಲೀಕರು ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಅಲ್ಲಿಂದ ಮುಂದಿನ ದಿನಗಳಿಗೆ ಲೈಸೆನ್ಸ್ ಶುಲ್ಕದ ಎರಡು ಪಟ್ಟು ನಷ್ಟ ಪರಿಹಾರ ಕೇಳುವ ಹಕ್ಕೂ ಇದೆ. ಆದರೆ ಬಾಡಿಗೆ ಬಾಕಿಯಿದೆ ಎಂದು ನೀರು, ವಿದ್ಯುತ್ ಕಡಿತ ಮಾಡುವಂತಿಲ್ಲ. ಅದು ಶಿಕ್ಷಾರ್ಹ.

ನೋಂದಣಿ ಮಾಲೀಕರ ಹೊಣೆ

ಒಪ್ಪಂದ ಲಿಖಿತವಾಗಿರಬೇಕು ಮತ್ತು ನೋಂದಣಿ ಆಗಿರಬೇಕು. ಇದು ಬಾಡಿಗೆದಾರರ ಹೊಣೆಯಲ್ಲ, ಮಾಲೀಕರದ್ದು. ತಪ್ಪಿದರೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನೋಂದಣಿ ಇಲ್ಲದಿದ್ದರೆ, ಬೇರೆ ರೀತಿಯಲ್ಲಿ ಸಾಬೀತಾಗುವ ತನಕ, ಷರತ್ತುಗಳ ಬಗ್ಗೆ ಬಾಡಿಗೆದಾರರು ಹೇಳಿದ್ದೇ ಸತ್ಯವೆಂದು ಪರಿಗಣಿಸಲಾಗುತ್ತದೆ. ಪರಿಚಯದವರು, ಊರಿನವರು ಎಂಬ ನಂಬಿಕೆಯಲ್ಲಿ ಬಾಯಿಮಾತಿಗೆ ಮನೆ ಕೊಟ್ಟವರು ಸಿಕ್ಕಿಬೀಳುವುದು ಇಲ್ಲೇ. ನೋಂದಣಿಯನ್ನು ಈಗ ಆನ್‌ಲೈನ್‌ನಲ್ಲೇ ಮಾಡಿಸಬಹುದು. ಬಾಡಿಗೆದಾರರ ವಿವರವನ್ನು ಪೊಲೀಸರಿಗೂ ನೀಡಬೇಕು.

ಕೈಗೆ ಉಳಿಯುವುದೆಷ್ಟು?

ಬಂದ ಬಾಡಿಗೆಯೆಲ್ಲ ಆದಾಯವಲ್ಲ. ಸಾಲದ ಕಂತು, ಆಸ್ತಿ ತೆರಿಗೆ, ಬಣ್ಣ-ದುರಸ್ತಿ, ದಲ್ಲಾಳಿ ಕಮಿಷನ್, ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ತನಕ ಮನೆ ಖಾಲಿ ಬಿದ್ದಿರುವ ತಿಂಗಳುಗಳು, ಇವನ್ನೆಲ್ಲ ಲೆಕ್ಕ ಹಾಕಬೇಕು. ಮಾಲೀಕರು ತಾವು ವಾಸವಿರದೆ ಬಾಡಿಗೆಗೆ ಕೊಟ್ಟರೆ ಹೌಸಿಂಗ್ ಸೊಸೈಟಿ ‘ನಾನ್ ಆಕ್ಯುಪೆನ್ಸಿ’ ಶುಲ್ಕ ವಿಧಿಸಬಹುದು. ಆದರೆ ಅದು ಸೇವಾ ಶುಲ್ಕದ ಶೇ. 10 ಮೀರುವಂತಿಲ್ಲ.

ಆದಾಯ ತೆರಿಗೆಯಲ್ಲಿ, ಪಾವತಿಸಿದ ಆಸ್ತಿ ತೆರಿಗೆಯನ್ನು ಬಾಡಿಗೆಯಿಂದ ಕಳೆದು, ಉಳಿದ ಮೊತ್ತದ ಶೇ. 30ರಷ್ಟು ಕಡಿತ ಸಿಗುತ್ತದೆ. ದುರಸ್ತಿಗೆ ನಿಜವಾಗಿ ಎಷ್ಟೇ ಖರ್ಚಾಗಿದ್ದರೂ ಮಿತಿ ಅಷ್ಟೇ. ಮಾಲೀಕರು ವಿದೇಶದಲ್ಲಿ ನೆಲೆಸಿದ ಅನಿವಾಸಿಯಾಗಿದ್ದರೆ, ಬಾಡಿಗೆದಾರರು ತೆರಿಗೆ ಮುರಿದುಕೊಂಡೇ ಬಾಡಿಗೆ ಪಾವತಿಸಬೇಕು.

ಬೆಂಗಳೂರಿನಲ್ಲಿ ಮನೆ ಇದ್ದರೆ?

ಮುಂಬೈ, ಪುಣೆಯಲ್ಲಿದ್ದುಕೊಂಡು ಬೆಂಗಳೂರಿನ ಮನೆ ಬಾಡಿಗೆಗೆ ಕೊಟ್ಟ ಕನ್ನಡಿಗರಿಗೆ ಮಹಾರಾಷ್ಟ್ರದ ಈ ನಿಯಮಗಳು ಅನ್ವಯಿಸುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಿಂದ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ವಾಸದ ಮನೆಗಳನ್ನು ಹೊರಗಿಡಲಾಗಿತ್ತು. ಹೀಗಾಗಿ ಹೆಚ್ಚಿನ ಮನೆಗಳ ವಿಷಯದಲ್ಲಿ ನೋಟಿಸ್ ನೀಡಿ, ಆಮೇಲೂ ಬಿಡದಿದ್ದರೆ ಸಾಮಾನ್ಯ ನ್ಯಾಯಾಲಯದ ಮೊರೆ ಹೋಗುವುದೇ ದಾರಿ. ದೂರದಲ್ಲಿರುವ ಮಾಲೀಕರಿಗೆ ಇದರ ಓಡಾಟವೇ ದೊಡ್ಡ ಹೊರೆ.

ಊರು ಯಾವುದೇ ಇರಲಿ, ಕೀಲಿಕೈ ಕೊಡುವ ಮೊದಲೇ ಅವಧಿ, ಠೇವಣಿ, ಬಾಡಿಗೆ ಏರಿಕೆ, ದುರಸ್ತಿ ಯಾರದು, ಖಾಲಿ ಮಾಡಲು ಎಷ್ಟು ದಿನದ ನೋಟಿಸ್ ಎಂಬುದೆಲ್ಲ ಒಪ್ಪಂದದಲ್ಲಿ ಬರೆದಿರಬೇಕು. ಮನೆಯ ಸ್ಥಿತಿಯ ಫೋಟೊ ತೆಗೆದಿಟ್ಟುಕೊಂಡು, ಬಾಡಿಗೆಯನ್ನು ಬ್ಯಾಂಕ್ ಮೂಲಕವೇ ಪಡೆದರೆ ಮುಂದೆ ತಕರಾರು ಬಂದಾಗ ಇಬ್ಬರಿಗೂ ದಾಖಲೆ ಇರುತ್ತದೆ.