ಅಕ್ಯುಪಂಕ್ಚರ್: ಹೆಸರಿನಲ್ಲಿ ಉಳಿದ ಸೂಜಿ, ಬಿಟ್ಟುಹೋದ ಬೆಂಕಿ

ಪದದ ಅರ್ಥ

ಅಕ್ಯುಪಂಕ್ಚರ್ ಚೀನಾದ ಚಿಕಿತ್ಸೆ. ಹೆಸರು ಮಾತ್ರ ಚೀನಾದ್ದಲ್ಲ. ಲ್ಯಾಟಿನ್ನಿನಲ್ಲಿ ‘ಅಕುಸ್’ ಎಂದರೆ ಸೂಜಿ, ‘ಪುಂಕ್ತೂರ’ ಎಂದರೆ ಚುಚ್ಚುವುದು. ನಾವು ಟೈರಿಗೆ ಹೇಳುವ ಪಂಕ್ಚರ್ ಕೂಡ ಅದೇ ಮೂಲದ್ದು.

ಹೆಸರಿಟ್ಟ ಡಚ್ ವೈದ್ಯ

ಈ ಪದವನ್ನು ಯುರೋಪಿನಲ್ಲಿ ಬಳಕೆಗೆ ತಂದವರು ವಿಲೆಮ್ ಟೆನ್ ರೈನ್. ಡಚ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾಗಿ 1674ರಲ್ಲಿ ಜಪಾನಿಗೆ ಹೋದ ಅವರು, ನಾಗಸಾಕಿ ಬಂದರಿನ ಡೆಜಿಮಾ ಎಂಬ ಪುಟ್ಟ ಕೃತಕ ದ್ವೀಪದಲ್ಲಿ ಸುಮಾರು ಎರಡು ವರ್ಷ ಇದ್ದರು. ಚೀನಾದಿಂದ ಶತಮಾನಗಳ ಹಿಂದೆಯೇ ಜಪಾನಿಗೆ ಬಂದು ಬೇರೂರಿದ್ದ ಈ ವಿದ್ಯೆಯನ್ನು ಅವರು ಅರಿತದ್ದು ಅಲ್ಲಿನ ದುಭಾಷಿಗಳ ನೆರವಿನಿಂದ. 1683ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಸಂಧಿವಾತವನ್ನು ಕುರಿತ ಅವರ ಲ್ಯಾಟಿನ್ ಗ್ರಂಥದಲ್ಲಿ ಅಕ್ಯುಪಂಕ್ಚರಿಗೆಂದೇ ಒಂದು ಭಾಗವಿದೆ. ಚುಚ್ಚುವ ಬಿಂದುಗಳನ್ನು ಗುರುತಿಸಿದ ಮನುಷ್ಯಾಕೃತಿಗಳೂ ಇವೆ. ಆ ಬಿಂದುಗಳನ್ನು ಜೋಡಿಸುವ ಗೆರೆಗಳನ್ನು ಚೀನೀಯರು ‘ಚಿ’ ಎಂಬ ಪ್ರಾಣಶಕ್ತಿ ಹರಿಯುವ ದಾರಿಗಳೆನ್ನುತ್ತಾರೆ. ಟೆನ್ ರೈನ್ ಅವನ್ನು ರಕ್ತನಾಳಗಳೆಂದು ತಿಳಿದರು. ಆ ಕಾಲದ ಯುರೋಪಿನ ವೈದ್ಯರಿಗೆ ಹಾಗೆ ತೋರಿದ್ದು ಸಹಜವೇ.

ಝೆನ್‌ಜಿಯು

ಚೀನೀ ಭಾಷೆಯಲ್ಲಿ ಇದರ ಹೆಸರು ‘ಝೆನ್‌ಜಿಯು’. ‘ಝೆನ್’ ಎಂದರೆ ಸೂಜಿ. ‘ಜಿಯು’ ಎಂದರೆ ಒಣಗಿಸಿ ಕುಟ್ಟಿದ ಸೊಪ್ಪನ್ನು ಬಿಂದುಗಳ ಮೇಲೆ ಅಥವಾ ಸಮೀಪದಲ್ಲಿ ಉರಿಸಿ ಶಾಖ ಕೊಡುವುದು. ಆ ಸೊಪ್ಪು ನಮ್ಮ ದವನ, ಮಾಚಿಪತ್ರೆಗಳ ಕುಲದ್ದೇ. ಜಪಾನೀಯರು ಅದನ್ನು ‘ಮೊಗುಸಾ’ ಎನ್ನುತ್ತಾರೆ. ಯುರೋಪಿನವರ ಬಾಯಲ್ಲಿ ಅದು ‘ಮೊಕ್ಸಾ’ ಆಯಿತು.

ಸೂಜಿಯೂ ಬೆಂಕಿಯೂ ಒಂದೇ ವಿದ್ಯೆಯ ಎರಡು ಕೈಗಳು. ಲ್ಯಾಟಿನ್ ಹೆಸರು ಹಿಡಿದದ್ದು ಒಂದನ್ನು ಮಾತ್ರ. ಬರಹದ ದಾಖಲೆಯಲ್ಲಾದರೋ ಬೆಂಕಿಯೇ ಮುಂಚಿನದು. ಚೀನಾದ ಮಾವಾಂಗ್‌ದುಯಿಯಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿಯೊಂದರಲ್ಲಿ ವೈದ್ಯಗ್ರಂಥಗಳು ಸಿಕ್ಕಿವೆ. ಅವುಗಳಲ್ಲಿ ದೇಹದ ನಾಳಗಳ ವಿವರವಿದೆ, ಶಾಖ ಕೊಡುವ ಕ್ರಮವಿದೆ. ಸೂಜಿ ಚುಚ್ಚುವ ಚಿಕಿತ್ಸೆಯಿಲ್ಲ. ಅದರ ವಿಸ್ತಾರ ಕಾಣುವುದು ‘ಹುವಾಂಗ್‌ದಿ ನೈಜಿಂಗ್’ ಗ್ರಂಥದಲ್ಲಿ. ಅಲ್ಲಿ ಬಗೆಬಗೆಯ ಕೆಲಸಕ್ಕೆ ಒಂಬತ್ತು ತರಹದ ಸೂಜಿಗಳಿವೆ.

ಭಾರತದಲ್ಲಿ

1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿ ದ್ವಾರಕಾನಾಥ ಕೋಟ್ನಿಸರ ಜೊತೆ ಬಿಜಯ್ ಕುಮಾರ್ ಬಸು ಇದ್ದರು. ಬಸು 1950ರ ದಶಕದ ಕೊನೆಯಲ್ಲಿ ಚೀನಾದಲ್ಲಿ ಈ ವಿದ್ಯೆ ಕಲಿತು ಬಂದು ಕೋಲ್ಕತ್ತದಲ್ಲಿ ಚಿಕಿತ್ಸೆ ಆರಂಭಿಸಿದರು. ಕನ್ನಡದ ‘ಸೂಜಿ ಚಿಕಿತ್ಸೆ’ಯೂ ಲ್ಯಾಟಿನ್ನಿನ ಜಾಡನ್ನೇ ಹಿಡಿದಿದೆ. 2010ರಲ್ಲಿ ಯುನೆಸ್ಕೊ ಇದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಮಾತ್ರ ಅಕ್ಯುಪಂಕ್ಚರ್, ಮೊಕ್ಸಾ ಚಿಕಿತ್ಸೆ ಎರಡನ್ನೂ ಜೊತೆಯಾಗಿ ಹೆಸರಿಸಿತು.